ಲಸಿಕೆಯ ಅಂಜಿಕೆ ಮತ್ತು ಶಾಲೆಯ ಹೊಣೆ

೨೦೧೭ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯು ಕರ್ನಾಟಕದ ಶಾಲೆಗಳಿಗೆ ಬಂದಾಗ, ವದಂತಿಯು ವಾಟ್ಸ್‌ಆ್ಯಪ್ ಮೂಲಕ ಅದಕ್ಕೂ ಮೊದಲೇ ಮನೆಗಳನ್ನು ಹೊಕ್ಕಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿಯೂ ಶಾಲೆಯಲ್ಲಿ ಲಸಿಕೆ ಹಾಕುವ ದಿನ ತಾಯಂದಿರು ಮೊದಲು ಕೇಳುವುದು ಉಪಾಧ್ಯಾಯರನ್ನೇ. ‘ಏನೂ ಆಗದು’ ಎಂಬ ಉತ್ತರ ಸಾಲದು. ಸೂಜಿಗೆ ಹೆದರಿ ಮಗು ತಲೆಸುತ್ತಿ ಬೀಳುವುದು ಅಲರ್ಜಿಯಲ್ಲ, ಮಲಗಿಸಿದರೆ ಚೇತರಿಸಿಕೊಳ್ಳುತ್ತದೆ. ಮೈಮೇಲೆ ದದ್ದು, ತುಟಿಯ ಬಾವು, ಉಬ್ಬಸ ಕಂಡರೆ ಅಲರ್ಜಿಯೆಂದು ಶಂಕಿಸಿ ತಡವಿಲ್ಲದೆ ವೈದ್ಯರನ್ನು ಕರೆಯಬೇಕು. ಅದರ ತೀವ್ರ ರೂಪವು ೧೦ ಲಕ್ಷ ಡೋಸುಗಳಲ್ಲಿ ಸುಮಾರು ಒಂದಕ್ಕೆ ಮಾತ್ರ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೇ ತೋರಿ, ಅಡ್ರಿನಲಿನ್ ಚುಚ್ಚುಮದ್ದಿಗೆ ಮಣಿಯುತ್ತದೆ. ಆ ಅರ್ಧ ಗಂಟೆ ಮಕ್ಕಳನ್ನು ಕಣ್ಣೆದುರು ಕೂರಿಸದೆ ಮನೆಗೆ ಅಟ್ಟುವ ಅವಸರವು ವದಂತಿಗಿಂತಲೂ ಹೆಚ್ಚು ಕೆಡುಕು. ಹಿಂದಿನ ಲಸಿಕೆಗೆ ಮೈಯೆಲ್ಲ ದದ್ದೆದ್ದಿತ್ತೆಂದು ತಾಯಿಯೊಬ್ಬಳು ಹೇಳಿದರೆ, ಅದನ್ನು ಅಜ್ಞಾನವೆಂದು ತಳ್ಳದೆ ಬರೆದುಕೊಂಡು, ಸೂಜಿ ಎತ್ತುವ ಮುನ್ನವೇ ವೈದ್ಯರ ಮುಂದಿಡಬೇಕು.