ಬೆರಳಿಗೆ ಅವಸರ ಕಲಿಸಬೇಡಿ

ಪಿಯಾನೊ ಒಂದು ಕಾಲಕ್ಕೆ ನಮ್ಮಲ್ಲಿ ಅರಮನೆಯ ವಾದ್ಯ. ಮೈಸೂರಿನ ಜಯಚಾಮರಾಜ ಒಡೆಯರ್ ಅದನ್ನು ಶಾಸ್ತ್ರೋಕ್ತವಾಗಿ ಕಲಿತಿದ್ದರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಅವರಿಗೆ ಗೌರವ ಫೆಲೋಷಿಪ್ ನೀಡಿತ್ತು. ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದ ಮೇಲೆ ಆ ಬಿಳಿ-ಕಪ್ಪು ಮನೆಗಳು ದಾವಣಗೆರೆ, ಹರಿಹರದಂಥ ಊರುಗಳ ನಡುಮನೆಗೂ ಕಾಲಿಟ್ಟವು.

ಹಾಗೆ ನೋಡಿದರೆ ಈ ಮನೆಗಳು ದಾವಣಗೆರೆಗೆ ಅಪರಿಚಿತವೇನಲ್ಲ. ಚಿಂದೋಡಿ ಲೀಲಾ ಅವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದ ಊರು ಇದು. ಕಂಪನಿ ನಾಟಕವೆಂದ ಮೇಲೆ ಹಾರ್ಮೋನಿಯಂ ಇಲ್ಲದೆ ಪರದೆ ಏಳುವುದುಂಟೆ? ಆದರೆ ಕುಳಿತು ನುಡಿಸುವ ಹಾರ್ಮೋನಿಯಂನಲ್ಲಿ ಎಡಗೈಗೆ ತಿದಿ ಒತ್ತುವ ಕೆಲಸ. ಓಡುವುದೆಲ್ಲ ಬಲಗೈ. ಆದ್ದರಿಂದ ಹಾರ್ಮೋನಿಯಂ ಬಲ್ಲವರು ಪಿಯಾನೊ ಮುಂದೆ ಕುಳಿತಾಗ ಬಲಗೈ ಪಂಡಿತ, ಎಡಗೈ ಪಾಮರ.

ಬೆರಳು ಚುರುಕಾಗಲೆಂದು ಕಲಿಯುವವರು ಸಾಮಾನ್ಯವಾಗಿ ಹಿಡಿಯುವುದು ಕಾರ್ಲ್ ಚೆರ್ನಿಯ ಪುಸ್ತಕ. ಬೀಥೋವನ್‌ನ ಶಿಷ್ಯ, ಲಿಸ್ಟ್‌ನ ಗುರು ಈತ (1791–1857). ಇವನ 'ವೇಗದ ಶಾಲೆ'ಯಲ್ಲಿ 40 ಪಾಠಗಳಿವೆ. ಹೆಸರು ಓದಿದೊಡನೆ ಮೊದಲ ದಿನವೇ ಓಡತೊಡಗುವವರೇ ಹೆಚ್ಚು. ಎಡವುವುದೂ ಅಲ್ಲಿಯೇ.

ಕಾರಣ ಕೈಯ ರಚನೆಯಲ್ಲಿದೆ. ಬೆರಳನ್ನು ಮಡಿಸುವ ಮುಖ್ಯ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಬೆರಳಿಗೆ ಬರುವುದು ಅವುಗಳ ಹುರಿಗಳು ಮಾತ್ರ. ಎಲ್ಲ ಬೆರಳಿಗೂ ಒಂದೇ ಸ್ವಾತಂತ್ರ್ಯವೂ ಇಲ್ಲ. ನಡುಬೆರಳನ್ನು ಅಂಗೈಯೊಳಗೆ ಮಡಿಸಿ, ಉಳಿದವನ್ನು ಮೇಜಿನ ಮೇಲೆ ಚಾಚಿ, ಉಂಗುರ ಬೆರಳನ್ನು ಎತ್ತಿ ನೋಡಿ. ಅದು ಅಲುಗುವುದೇ ಕಷ್ಟ. ಪಕ್ಕದ ಬೆರಳಿನ ಹುರಿಯೊಂದಿಗೆ ಅದಕ್ಕೆ ಹುಟ್ಟಿನಿಂದಲೇ ಗಂಟು ಬಿದ್ದಿದೆ. ಬಲ ಹಾಕಿದರೆ ಈ ಗಂಟು ಬಿಚ್ಚದು.

ಅಭ್ಯಾಸದ ದಾರಿ ಸರಳವಾಗಿದೆ. ಇಡೀ ಪಾಠ ಬೇಡ, ಎರಡು ಸಾಲುಗಳಷ್ಟೂ ಬೇಡ. ಒಂದು ಚಿಕ್ಕ ತುಣುಕು ಸಾಕು. ಯಾವ ಸ್ವರಕ್ಕೆ ಯಾವ ಬೆರಳು ಎಂದು ಮೊದಲೇ ಬರೆದುಕೊಂಡು, ಅದನ್ನು ಬದಲಿಸದೆ ನುಡಿಸಬೇಕು. ದಿನಕ್ಕೊಂದು ಬೆರಳಿಟ್ಟರೆ ಕೈ ಯಾವುದನ್ನೂ ಕಲಿಯದು. ಎರಡು ಕೈಗಳಿಗೂ ಬೇರೆ ಬೇರೆಯಾಗಿ ಪಾಠ ಆಗಲಿ, ಎಡಗೈಗೆ ತುಸು ಹೆಚ್ಚೇ ಆಗಲಿ. ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ತಪ್ಪಿಲ್ಲದೆ ಸತತ ಮೂರು ಬಾರಿ ಬಂದ ಮೇಲೆ 64ಕ್ಕೆ ಏರಿಸಬಹುದು. ಮುಗ್ಗರಿಸಿದರೆ ಮತ್ತೆ 60.

ನಮ್ಮ ಸಂಗೀತಕ್ಕೆ ಇದೇನು ಹೊಸ ಮಾತು? ಸರಳೆ, ಜಂಟಿ, ಅಲಂಕಾರಗಳನ್ನು ಮೂರು ಕಾಲದಲ್ಲಿ ಹಾಡಿಸುವಾಗ ಮೊದಲ ಕಾಲ ನಿಲ್ಲದವರನ್ನು ಯಾವ ಮೇಷ್ಟ್ರೂ ಮೂರನೆಯದಕ್ಕೆ ಬಿಡುವುದಿಲ್ಲ. ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಲೇತುಗಳಿಗೆ ಹೆಸರಾಗಿದ್ದ ಹರಿಹರದವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣವನ್ನು ಸರಿಯಾಗಿ ಕಚ್ಚಿಸದೆ ಲೇತಿನ ವೇಗ ಏರಿಸಿದರೆ ಏನಾಗುತ್ತದೆಂದು ಅವರು ಬಲ್ಲರು.

ಅವಸರದ ಬೆಲೆ ಕೆಲವೊಮ್ಮೆ ಇನ್ನೂ ದೊಡ್ಡದು. ಜರ್ಮನಿಯ ರಾಬರ್ಟ್ ಶೂಮನ್ ದೊಡ್ಡ ಪಿಯಾನೊ ವಾದಕನಾಗುವ ಕನಸು ಕಂಡಿದ್ದ. ಬೆರಳು ಪಳಗಿಸಲು ಒಂದು ಸಾಧನವನ್ನೂ ಬಳಸಿದ. 1832ರ ಹೊತ್ತಿಗೆ, ಇನ್ನೂ 22ರ ಪ್ರಾಯದಲ್ಲೇ, ಬಲಗೈಯ ನಡುಬೆರಳು ಅವನ ಮಾತು ಕೇಳದಾಯಿತು. ಸಾಧನವೇ ಕಾರಣವೋ, ಬೇರೆ ಕಾಯಿಲೆಯೋ ಎಂಬ ಚರ್ಚೆ ಮುಗಿದಿಲ್ಲ. ವಾದಕನ ಕನಸಂತೂ ಮುಗಿಯಿತು. ಅವನು ಸ್ವರರಚನೆಗೆ ತಿರುಗಿದ. ಮುಂದೆ ಅವನ ಕೃತಿಗಳನ್ನು ಲೋಕಕ್ಕೆ ನುಡಿಸಿ ತೋರಿದವಳು ಹೆಂಡತಿ ಕ್ಲಾರಾ.

ಆದ್ದರಿಂದ ಮಣಿಕಟ್ಟು ಬಿಗಿದರೆ, ಮುಂಗೈ ನೋಯತೊಡಗಿದರೆ ಅಂದಿನ ಪಾಠ ಮುಗಿಯಿತೆಂದೇ ತಿಳಿಯಬೇಕು. ನೋವನ್ನು ನುಂಗಿ ನುಡಿಸುವುದು ಸಾಧನೆ ಅಲ್ಲ. ಪರೀಕ್ಷೆ ಹತ್ತಿರ ಬಂತೆಂದು ಮಕ್ಕಳನ್ನು ಮೂರು ಗಂಟೆ ಕೂರಿಸುವ ತಂದೆತಾಯಿಗಳೂ ಇದನ್ನು ಗಮನಿಸುವುದು ಒಳ್ಳೆಯದು. ದಿನವೂ ಇಪ್ಪತ್ತು ನಿಮಿಷ, ಕಿವಿಗೊಟ್ಟು, ನಿಧಾನವಾಗಿ: ವೇಗ ತಾನಾಗಿ ಬರುತ್ತದೆ.