ತಪ್ಪು ಬಳಸುವವನದಲ್ಲ

“ಲಿನಕ್ಸ್ ಪುಕ್ಕಟೆ ಸಿಗುತ್ತದೆ, ಆದರೂ ನಮ್ಮ ಜನ ವಿಂಡೋಸ್ ಬಿಡರು, ಶುದ್ಧ ಸೋಮಾರಿಗಳು!” ಎಂದು ಬಲ್ಲವರು ಮೂಗು ಮುರಿಯುವುದುಂಟು. ಈ ಮಾತನ್ನು ನಾನು ಒಪ್ಪಲಾರೆ.

ಅಂಗಡಿಯಿಂದ ತಂದ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ವಿಂಡೋಸ್ ಮೊದಲೇ ಬಂದು ಕೂತಿರುತ್ತದೆ. ಅದರ ಬೆಲೆಯೂ ಯಂತ್ರದ ಬೆಲೆಯಲ್ಲೇ ಸೇರಿರುತ್ತದೆ. ದುಡ್ಡು ಕೊಟ್ಟು ತಂದದ್ದನ್ನು ಅಳಿಸಿ ಬೇರೊಂದನ್ನು ಕೂರಿಸಲು ಯಾರಿಗೆ ಧೈರ್ಯ ಬಂದೀತು? ಕೆಟ್ಟರೆ, ಬೀದಿಯ ರಿಪೇರಿಯವನಿಗೆ ಗೊತ್ತಿರುವುದೂ ಅದೊಂದೇ.

ನಮ್ಮ ಸಂಘದ ಕಪಾಟನ್ನೇ ನೋಡಿ. ಹಳೆಯ ಸಂಚಿಕೆ, ಠರಾವು, ಸದಸ್ಯರ ಪಟ್ಟಿ ಎಲ್ಲವೂ ವಿಂಡೋಸಿಗೆಂದೇ ಹುಟ್ಟಿದ ಹಳೆಯ ‘ನುಡಿ’, ‘ಬರಹ’ಗಳ ಫಾಂಟಿನಲ್ಲಿವೆ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಯೂನಿಕೋಡಿನಲ್ಲಿ 1991ರಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು; ಅತ್ತ ತಿರುಗಲು ತಡಮಾಡಿದವರು ನಾವೇ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ ಎಷ್ಟೋ ಗಟ್ಟಿ ಯಂತ್ರಗಳು ಲಿನಕ್ಸಿನಲ್ಲಿ ಇನ್ನೂ ದುಡಿಯಬಲ್ಲವು. ಅವು ಗುಜರಿ ಸೇರಬಾರದೆಂದರೆ ಬಲ್ಲವರು ಉಪದೇಶ ನಿಲ್ಲಿಸಲಿ. ಹಳೆಯ ಕಡತಗಳನ್ನು ಮೊದಲು ಯೂನಿಕೋಡಿಗೆ ತಿರುಗಿಸಿಕೊಡಲಿ. ಆಮೇಲೆ ನಾಲ್ಕು ಸಂಜೆ ಸದಸ್ಯರ ಪಕ್ಕದಲ್ಲಿ ಕುಳಿತು ಕಲಿಸಲಿ. ಜನ ಬದಲಾಗುತ್ತಾರೋ ಇಲ್ಲವೋ, ಆಗ ನೋಡೋಣ!