ಪರರ ಅಳತೆಗೋಲು

ಕೃಶದೇಹಿಗಳಾಗಿ ಕಾಣುವ ನಮ್ಮ ಜನರು ಮಧುಮೇಹಕ್ಕೆ ಇಷ್ಟು ಬೇಗನೆ ತುತ್ತಾಗುವದೇಕೆಂಬ ಪ್ರಶ್ನೆಗೆ ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಡಾ. ಯುಡ್ಕಿನ್ನರೂ 2004 ರಲ್ಲಿ ತಮ್ಮ ದೇಹಗಳನ್ನೇ ನಿದರ್ಶನವಾಗಿ ಲೋಕದ ಮುಂದಿಟ್ಟರು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಅಂಕವು ಇಬ್ಬರಲ್ಲಿಯೂ 22.3, ಕೊಬ್ಬಿನ ಅಂಶವಾದರೋ ಆಂಗ್ಲ ವೈದ್ಯರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2! ಬರಿಯ ತಕ್ಕಡಿಯನ್ನು ನಂಬಿ ನಾವು ಎಷ್ಟು ಮೋಸಹೋಗಿದ್ದೇವೆಂಬುದನ್ನು ವಾಚಕರೇ ಊಹಿಸಬಹುದು.

ತೂಕವನ್ನು ಬಿಟ್ಟು ಕೊಬ್ಬನ್ನೇ ಅಳೆಯುವ ಸುಲಭೋಪಾಯವೊಂದು ಈಗ ಕೈಗೆ ಬಂದಿದೆ. ಕಿವಿಗೆ ಕೇಳಿಸದ ಧ್ವನಿತರಂಗಗಳನ್ನು ಚರ್ಮದ ಮೇಲಿಂದ ಒಳಕ್ಕೆ ಕಳಿಸಿದರೆ, ಕೊಬ್ಬೂ ಸ್ನಾಯುವೂ ಕೂಡುವ ಎಲ್ಲೆಯಿಂದ ಅವು ಪ್ರತಿಧ್ವನಿಸಿ ಮರಳುವವು. ಕೊಬ್ಬಿನಲ್ಲಿ ಧ್ವನಿಯ ವೇಗವು ಸೆಕೆಂಡಿಗೆ ಸುಮಾರು 1450 ಮೀಟರು. ಮರಳಲು ಹಿಡಿದ ಕಾಲದಿಂದ ಪದರಿನ ದಪ್ಪವು ತಿಳಿಯುವದು. ಮೊದಲು ನುರಿತ ವೈದ್ಯನ ಕಣ್ಣು ಗುರುತಿಸಬೇಕಾಗಿದ್ದ ಆ ಎಲ್ಲೆಯನ್ನು ಈಗ ಗಣಕಯಂತ್ರವೇ ಗುರುತಿಸುವದು. ಕ್ಷ-ಕಿರಣದ ಭಯವಿಲ್ಲ, ವೆಚ್ಚವೂ ಮಿತವಾದುದು. ಆದರೆ ಹಿಡಿದ ಕೈ ತುಸು ಒತ್ತಿದರೂ ಪದರು ತೆಳ್ಳಗೆ ಕಂಡೀತು. ಆದುದರಿಂದ ಶಿಕ್ಷಿತ ಕೈಯ ಅವಶ್ಯಕತೆ ತಪ್ಪಿದ್ದಲ್ಲ.

ಇಲ್ಲಿ ಎರಡು ಮಾತುಗಳನ್ನು ನಾವು ಸರಕಾರದ ಗಮನಕ್ಕೆ ತರಬಯಸುತ್ತೇವೆ. ಪದರಿನ ದಪ್ಪದಿಂದ ಇಡೀ ದೇಹದ ಕೊಬ್ಬನ್ನು ಎಣಿಸಲು ಸೂತ್ರವೊಂದು ಬೇಕು. ಚರ್ಮದ ಮಡಿಕೆಯನ್ನು ಅಳೆದು ಎಣಿಸುವ ಸುಪ್ರಸಿದ್ಧ ಸೂತ್ರವನ್ನು ಗ್ಲಾಸ್ಗೋದ ಡರ್ನಿನ್, ವೊಮರ್ಸ್ಲಿ ಎಂಬ ವಿದ್ವಾಂಸರು 481 ಸ್ತ್ರೀಪುರುಷರನ್ನು ಪರೀಕ್ಷಿಸಿ 1974 ರಲ್ಲಿ ರಚಿಸಿದರು. ನಮ್ಮವರಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೂ ಮುಂಡದಲ್ಲಿಯೂ ಹೆಚ್ಚಾಗಿ ಶೇಖರವಾಗುವದು. ಪರರ ದೇಹವನ್ನು ನೋಡಿ ಪಾಠ ಕಲಿತ ಯಂತ್ರವು ನಮ್ಮ ದೇಹದ ವಿಷಯದಲ್ಲಿ ತಪ್ಪು ಹೇಳಿದರೆ ಆಶ್ಚರ್ಯವೇನು? ರಾಯಚೂರಿನ ಕೂಲಿಕಾರನನ್ನೂ ಕರಾವಳಿಯ ಮೀನುಗಾರ್ತಿಯನ್ನೂ ಬೆಂಗಳೂರಿನ ಗುಮಾಸ್ತನನ್ನೂ ಅಳೆದು ನಮ್ಮ ಸೂತ್ರವನ್ನು ನಾವೇ ಕಟ್ಟಬೇಕು. ರಾಜಕೀಯ ಸ್ವಾತಂತ್ರ್ಯವನ್ನು ಪಡೆದ ರಾಷ್ಟ್ರವು ಅಳತೆಗೋಲಿಗಾಗಿ ಪರಾಧೀನವಾಗಿರುವದು ಶೋಭಿಸದು.

ಎರಡನೆಯದು ಹೆಚ್ಚು ಗಂಭೀರವಾದುದು. ಗರ್ಭಸ್ಥ ಶಿಶುವಿನ ಲಿಂಗಪರೀಕ್ಷೆಯನ್ನು ನಿಷೇಧಿಸುವ 1994 ರ ಕಾಯಿದೆಯು ಧ್ವನಿಯಂತ್ರಗಳಿಗೆ ನೋಂದಣಿಯನ್ನು ವಿಧಿಸಿದೆ. ಒಯ್ಯಬಹುದಾದ ಯಂತ್ರಗಳಿಗೆ 2012 ರಲ್ಲಿ ಇನ್ನೂ ಬಿಗಿಯಾದ ನಿಯಮಗಳಾದವು. ಇವು ಆರೋಗ್ಯಕಾರ್ಯಕ್ಕೆ ಅಡ್ಡಿಯೆಂದು ಕೆಲವರು ದೂರುವರು. 2023 ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಇಂತಹ ಯಂತ್ರವನ್ನಿಟ್ಟು ನಡೆಸಿದ ಘೋರಕೃತ್ಯವು ಬಯಲಾದುದನ್ನು ಅವರು ಮರೆತರೇ? ಹೊಟ್ಟೆಯ ಬೊಜ್ಜನ್ನಳೆಯುವ ನೆಪದಲ್ಲಿ ಹೆಣ್ಣುಕೂಸಿನ ಪ್ರಾಣಕ್ಕೆ ಸಂಚಕಾರ ಬರಬಾರದು. ಯಂತ್ರವು ವ್ಯಾಯಾಮಶಾಲೆಗಳಿಗೂ ಅಂಗಡಿಗಳಿಗೂ ಹೋಗುವದು ಬೇಡ. ನೋಂದಣಿಯಾದ ತಾಲೂಕು ಆಸ್ಪತ್ರೆಗಳಲ್ಲಿ, ಜವಾಬುದಾರರಾದ ವೈದ್ಯರ ಕೈಯಲ್ಲಿ ಅದು ಇರಲಿ. ಬಡವನು ಅಲ್ಲಿಗೇ ಬರತಕ್ಕವನು. ಅವನ ರೋಗವನ್ನು ಮೊದಲೇ ಅರಿಯುವ ಭಾಗ್ಯವು ಅವನಿಗೂ ದೊರೆಯಲಿ. ಕಾಯಿದೆಯನ್ನು ಸಡಿಲಿಸದೆಯೇ ಸರಕಾರವು ಇಷ್ಟನ್ನು ಮಾಡಬಲ್ಲದು, ಮಾಡಲೇಬೇಕು.